ಮೊಡವೆ ಮಾತ್ರೆಗೆ ಇಷ್ಟೊಂದು ಪ್ರಶ್ನೆ ಬೇಕೆ?

ಎರಡು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ನನ್ನದೊಂದು ಪುಟ್ಟ ಲೇಖನ ಬಂದಿತ್ತು. ಗಂಟುಗಂಟಾಗಿ ಎದ್ದು, ಕೀವು ತುಂಬಿ, ವಾಸಿಯಾದ ಮೇಲೂ ಗುಳಿ ಬಿಟ್ಟುಹೋಗುವ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕ್ಯಾಪ್ಸೂಲನ್ನು ಡಾಕ್ಟರ ಚೀಟಿಯಿಲ್ಲದೆ ನನ್ನ ಅಂಗಡಿಯಲ್ಲಿ ಕೊಡುವುದಿಲ್ಲ, ಚೀಟಿ ಇದ್ದರೂ ನಾಲ್ಕು ಮಾತು ಕೇಳದೆ ಕೊಡುವುದಿಲ್ಲ ಎಂದು ಬರೆದಿದ್ದೆ. ಅಷ್ಟಕ್ಕೆ ಹದಿನೇಳು ಪತ್ರ ಬಂದಿವೆ. ಎರಡರಲ್ಲಿ ಮೆಚ್ಚುಗೆ, ಉಳಿದ ಹದಿನೈದರಲ್ಲಿ ಆಕ್ಷೇಪ. ಆ ಆಕ್ಷೇಪವೂ ಒಂದೇ ಕಡೆಯಿಂದ ಬಂದದ್ದಲ್ಲ. ಕೆಲವರ ಪ್ರಕಾರ ನಾನು ಸುಮ್ಮಸುಮ್ಮನೆ ಹೆದರಿಸುತ್ತಿದ್ದೇನೆ. ಇನ್ನು ಕೆಲವರ ಪ್ರಕಾರ ಇಂಥ ವಿಷವನ್ನು ಅಂಗಡಿಯಲ್ಲಿ ಇಟ್ಟುಕೊಂಡಿರುವುದೇ ನನ್ನ ತಪ್ಪು. ಇಬ್ಬರ ಮಾತನ್ನೂ ಎರಡೆರಡು ಸಲ ಓದಿದ್ದೇನೆ. ಒಂದೊಂದಾಗಿ ಉತ್ತರ ಕೊಡುತ್ತೇನೆ.

"ನೀವು ಡಾಕ್ಟರಲ್ಲ. ಚೀಟಿ ನೋಡಿ ಮಾತ್ರೆ ಕೊಡುವುದಷ್ಟೇ ನಿಮ್ಮ ಕೆಲಸ" ಎಂದು ನಿವೃತ್ತ ಅಧಿಕಾರಿಯೊಬ್ಬರು ಬರೆದಿದ್ದಾರೆ. ನಾನು ಡಾಕ್ಟರಲ್ಲ, ಸರಿ. ತಿಪಟೂರಿನಲ್ಲಿ 22 ವರ್ಷದಿಂದ ಔಷಧದ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್. ಭಾರತೀಯ ಫಾರ್ಮಸಿ ಪರಿಷತ್ತು 2015ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ, ಔಷಧ ಕೊಡುವಾಗ ರೋಗಿಯೊಂದಿಗೆ ಮಾತಾಡಿ ಅದನ್ನು ಹೇಗೆ ತೆಗೆದುಕೊಳ್ಳಬೇಕು, ಯಾವುದರ ಜೊತೆ ತೆಗೆದುಕೊಳ್ಳಬಾರದು, ಏನಾದರೆ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು ಎಂದು ತಿಳಿಸುವುದು ನಮ್ಮ ಕೆಲಸವೆಂದೇ ಹೇಳಿದೆ. ಕೌಂಟರಿನ ಈಚೆ ನಿಂತು ಕೇಳುವ ಪ್ರಶ್ನೆ ಅಧಿಕಪ್ರಸಂಗವಲ್ಲ. ಕೇಳದೆ ಬಿಟ್ಟರೆ ಅದು ಕೆಲಸಗಳ್ಳತನ.

ಮುಂದಿನ ಆಕ್ಷೇಪ ಹೆಚ್ಚು ಜನರದ್ದು. ಐದು ಪತ್ರಗಳಲ್ಲಿ ಹೆಚ್ಚುಕಡಿಮೆ ಇದೇ ಮಾತಿದೆ: "ಇದು ವಿಟಮಿನ್ ಎ ಜಾತಿಯ ಔಷಧ. ಕ್ಯಾರೆಟ್ಟಿನಲ್ಲಿರುವುದು, ನುಗ್ಗೆಸೊಪ್ಪಿನಲ್ಲಿರುವುದು. ಅಂಗನವಾಡಿಯಲ್ಲಿ ಪುಟ್ಟ ಮಕ್ಕಳ ಬಾಯಿಗೇ ಹಾಕುತ್ತಾರೆ. ಅದಕ್ಕೆ ಭಯವೇಕೆ?"

ಜಾತಿ ಅದೇ, ನಿಜ. ವಾದದಲ್ಲಿ ನಿಜ ಇರುವುದು ಅಷ್ಟೇ. ನುಗ್ಗೆಸೊಪ್ಪಿನಲ್ಲಿ, ಪಪ್ಪಾಯಿಯಲ್ಲಿ, ಕ್ಯಾರೆಟ್ಟಿನಲ್ಲಿ ಇರುವುದು ಬೀಟಾ ಕೆರೊಟಿನ್. ಮೈ ತನಗೆ ಬೇಕಾದಷ್ಟನ್ನೇ ಅದರಿಂದ ವಿಟಮಿನ್ ಎ ಆಗಿ ಮಾಡಿಕೊಂಡು ಉಳಿದದ್ದನ್ನು ಬಿಡುತ್ತದೆ. ಎಷ್ಟು ಸೊಪ್ಪಿನ ಸಾರು ಉಂಡರೂ ಅದರಿಂದ ಕೆಡುಕಿಲ್ಲ. ತಯಾರಾದ ವಿಟಮಿನ್ ಎ ಹಾಗಲ್ಲ. ಬಿ, ಸಿ ವಿಟಮಿನ್ನುಗಳು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತವೆ, ಇದು ಕೊಬ್ಬಿನಲ್ಲಿ ಕರಗಿ ಲಿವರಿನಲ್ಲಿ ಕೂಡಿಬೀಳುತ್ತದೆ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕೊಡುವ ಎರಡು ಲಕ್ಷ ಯೂನಿಟ್ಟಿನ ದ್ರಾವಣವನ್ನು ಬಸುರಿಗೆ ಯಾರೂ ಕೊಡುವುದಿಲ್ಲ. ಬಸಿರಿನಲ್ಲಿ ದಿನಕ್ಕೆ ಹತ್ತು ಸಾವಿರ ಯೂನಿಟ್ಟಿಗಿಂತ ಹೆಚ್ಚು ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐಸೊಟ್ರೆಟಿನಾಯಿನ್ ಅದೇ ವಂಶದ್ದಾದರೂ ಬೇರೆಯೇ ಬಲದ ಔಷಧ. ಎಣ್ಣೆ ಸ್ರವಿಸುವ ಚರ್ಮದ ಗ್ರಂಥಿಗಳನ್ನೇ ಅದು ಕುಗ್ಗಿಸಿಬಿಡುತ್ತದೆ. ಬೇರೆ ಯಾವ ಮೊಡವೆ ಔಷಧಕ್ಕೂ ಈ ಶಕ್ತಿಯಿಲ್ಲ. ಇಂಥ ಶಕ್ತಿ ಮುಖದ ಚರ್ಮದಲ್ಲಿ ಮಾತ್ರ ಕೆಲಸ ಮಾಡಿ ಉಳಿದ ಮೈಯನ್ನು ಮುಟ್ಟದೆ ಇರುತ್ತದೆಂದು ನಂಬಬಾರದು. ಮಾತ್ರೆ ಶುರುವಾದ ಎರಡು ವಾರಕ್ಕೆ ತುಟಿ ಒಡೆಯುವುದು, ಕಣ್ಣು ಒಣಗಿ ಲೆನ್ಸ್ ಹಾಕಲಾಗದಿರುವುದು, ಮೂಗಿನಲ್ಲಿ ರಕ್ತ ಜಿನುಗುವುದು, ಮೊಣಕಾಲು ಬೆನ್ನು ನೋಯುವುದು ಎಲ್ಲ ಇದರಿಂದಲೇ. ವಿಟಮಿನ್ ತಾನೆ ಎಂದು ಇದರ ಜೊತೆಗೆ ವಿಟಮಿನ್ ಎ ಇರುವ ಶಕ್ತಿಮಾತ್ರೆ ನುಂಗುವವರಿದ್ದಾರೆ. ದಯವಿಟ್ಟು ಬೇಡ. ಎರಡೂ ಕೂಡಿ ವಿಷವಾಗುತ್ತವೆ.

ಇನ್ನು ನನ್ನ ಮೇಲೆ ಅತಿ ಹೆಚ್ಚು ಸಿಟ್ಟು ತರಿಸಿದ ವಿಷಯಕ್ಕೆ ಬರುತ್ತೇನೆ. "ಮದುವೆಯಾಗದ ಹುಡುಗಿಯನ್ನು ನಿಲ್ಲಿಸಿಕೊಂಡು ಮುಟ್ಟು ಯಾವಾಗ ಆಯಿತು, ಬಸಿರಾಗುವ ಸಾಧ್ಯತೆ ಇದೆಯೇ ಎಂದು ಕೇಳುವುದು ಅವಮಾನ. ನಮ್ಮ ಮಗಳಾಗಿದ್ದರೆ ನಿಮ್ಮ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ" ಎಂದು ಒಬ್ಬ ತಾಯಿ ಬರೆದಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ನನಗೂ ಮಗಳಿದ್ದಾಳೆ. ಆದರೂ ಈ ಒಂದು ಪ್ರಶ್ನೆಯನ್ನು ನಾನು ಬಿಡುವುದಿಲ್ಲ. ಯಾಕೆಂದು ಹೇಳುತ್ತೇನೆ.

ಮೂರ್ನಾಲ್ಕು ವರ್ಷದ ಹಿಂದೆ, ತಾಯಿ ಮಗಳು ಇಬ್ಬರು ಅಂಗಡಿಗೆ ಬಂದರು. ತಾಯಿಯ ಕೈಯಲ್ಲಿ ಲಗ್ನಪತ್ರಿಕೆಯ ಕಟ್ಟು, ಮಗಳ ಕೈಯಲ್ಲಿ ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿದ ಅರ್ಧ ಸ್ಟ್ರಿಪ್. "ಮೇಡಂ, ಇದೇ ಇನ್ನೊಂದು ಹತ್ತು ಕೊಡಿ. ಲಗ್ನಕ್ಕೆ ಇನ್ನು 24 ದಿನ. ಅಷ್ಟರಲ್ಲಿ ಮುಖ ಇನ್ನಷ್ಟು ತಿಳಿಯಾಗಲಿ" ಎಂದರು ತಾಯಿ. ಸ್ಟ್ರಿಪ್ ತಿರುಗಿಸಿ ನೋಡಿದೆ. ಹೆಸರಿನ ಕೊನೆಯ ನಾಲ್ಕಕ್ಷರ ಮಾತ್ರ ಉಳಿದಿತ್ತು. ಬಸುರಿಯರು ತೆಗೆದುಕೊಳ್ಳಲೇಬಾರದು ಎಂಬ ಎಚ್ಚರಿಕೆಯ ಸಾಲು ಕತ್ತರಿಗೆ ಸಿಕ್ಕಿ ಇನ್ನರ್ಧದ ಜೊತೆ ಹೋಗಿತ್ತು. ಚೀಟಿ ಕೇಳಿದೆ, ಇರಲಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಪರಿಚಯದವರು ಹೇಳಿದ್ದು, ಬೇರೆ ಊರಿನ ಅಂಗಡಿಯಲ್ಲಿ ತಂದದ್ದು. ಎರಡು ತಿಂಗಳಿಂದ ದಿನಾ ಒಂದು 20 ಮಿಲಿಗ್ರಾಂ ಕ್ಯಾಪ್ಸೂಲು ನುಂಗುತ್ತಿದ್ದಾಳೆ ಹುಡುಗಿ. ಈ ಮಾತ್ರೆ ನಿಲ್ಲಿಸಿ ಪೂರ್ತಿ ಒಂದು ತಿಂಗಳು ಕಳೆಯುವವರೆಗೆ ಬಸಿರು ನಿಲ್ಲಬಾರದು ಎಂಬ ಒಂದೇ ಒಂದು ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಲಗ್ನಕ್ಕೆ 24 ದಿನ. ಲಗ್ನವಾದ ತಿಂಗಳಿಂದಲೇ "ಏನಾದರೂ ವಿಶೇಷ ಉಂಟಾ?" ಎಂದು ಕೇಳುವ ಮನೆಗಳು ನಮ್ಮವು.

ಆ ತಾಯಿಗೆ ಕೇಳಿಸದಂತೆ ಹುಡುಗಿಯನ್ನು ಒಳಗೆ ಕರೆದು ಕೂರಿಸಿ ಹೇಳಿದೆ. ಅವಳು ಅತ್ತಳು. ಅವತ್ತೇ ಸಂಜೆ ನಮ್ಮೂರಿನ ಲೇಡಿ ಡಾಕ್ಟರರ ಬಳಿಗೆ ಕಳಿಸಿದೆ. ಅವರು ಮಾತ್ರೆ ನಿಲ್ಲಿಸಿ, ಪರೀಕ್ಷೆ ಮಾಡಿಸಿ, ಅಂದಿನಿಂದ ಒಂದು ತಿಂಗಳು ಕಡ್ಡಾಯವಾಗಿ ತಡೆಯಬೇಕೆಂದು ಹೇಳಿ, ಹೇಗೆ ತಡೆಯಬೇಕೆಂಬುದನ್ನೂ ಬರೆದುಕೊಟ್ಟರು. ಇದನ್ನು ಗಂಡಾಗುವವನಿಗೆ ಹೇಳುವ ಕೆಲಸ ಅವಳದೇ ಆಯಿತು. ನಾಲ್ಕು ದಿನದ ನಂತರ ಬಂದು, "ಹೇಳಿದೆ ಅಕ್ಕಾ. ಅವರು ಸರಿ ಅಂದ್ರು" ಎಂದು ಹೇಳಿಹೋದಳು. ಅವಳ ಧೈರ್ಯಕ್ಕೂ ಆ ಹುಡುಗನ ಒಳ್ಳೆಯತನಕ್ಕೂ ನಾನು ಇವತ್ತಿಗೂ ತಲೆಬಾಗುತ್ತೇನೆ.

ಈಗ ಹೇಳಿ, ಮದುವೆಯಾಗದವಳನ್ನು ಕೇಳಬಾರದೆಂದರೆ ಯಾರನ್ನು ಕೇಳಬೇಕು? ನಮ್ಮ ಕಡೆ ಈ ಮಾತ್ರೆಯನ್ನು ಹೆಣ್ಣುಮಕ್ಕಳು ಹುಡುಕಿಕೊಂಡು ಬರುವುದೇ ಗಂಡು ನೋಡುವ ಹೊತ್ತಿಗೆ, ನಿಶ್ಚಿತಾರ್ಥದ ಹೊತ್ತಿಗೆ. ಕೋರ್ಸು ಐದಾರು ತಿಂಗಳಾದರೂ ಹಿಡಿಯುತ್ತದೆ. ಹಾಗಾಗಿ "ಮದುವೆ ಯಾವಾಗ?" ಎಂಬುದು ಈ ಔಷಧದ ಮಟ್ಟಿಗೆ ಡೋಸಿನಷ್ಟೇ ಮುಖ್ಯವಾದ ಪ್ರಶ್ನೆ. ಇದು ಶೀಲದ ವಿಚಾರಣೆಯಲ್ಲ.

ಭಯ ಎಷ್ಟು ನಿಜವಾದದ್ದು ಎಂದು ಕೇಳುವವರಿಗೆ ಇತಿಹಾಸವಿದೆ. ಅಮೆರಿಕದಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ಮರುವರ್ಷವೇ ಊನಗೊಂಡ ಶಿಶುಗಳ ವರದಿ ಬರತೊಡಗಿದವು. 1985ರಲ್ಲಿ ಅಲ್ಲಿನ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯಲ್ಲಿ, ಬಸಿರಿನಲ್ಲಿ ಈ ಮಾತ್ರೆ ಒಳಹೊಕ್ಕ 154 ಪ್ರಕರಣಗಳ ಲೆಕ್ಕ ಪ್ರಕಟವಾಯಿತು. 95 ಮಂದಿ ಗರ್ಭಪಾತ ಮಾಡಿಸಿಕೊಂಡಿದ್ದರು, 12 ತಾವಾಗಿ ಇಳಿದಿದ್ದವು. ಹುಟ್ಟಿದ 47 ಮಕ್ಕಳಲ್ಲಿ 21ಕ್ಕೆ ದೊಡ್ಡ ಊನ: ಕಿವಿಯೇ ಇಲ್ಲದಿರುವುದು ಅಥವಾ ಮುದುಡಿರುವುದು, ಹೃದಯದ ದೋಷ, ಮೆದುಳಿನ ದೋಷ. ಆ ಲೆಕ್ಕದಲ್ಲಿ ತೊಂದರೆಯಾದ ಮೇಲೆ ತಿಳಿಸಿದವರೇ ಹೆಚ್ಚಿದ್ದರು, ಆದ್ದರಿಂದ ಪ್ರಮಾಣ ಜಾಸ್ತಿ ಕಾಣುತ್ತದೆ. ಈಗ ವೈದ್ಯರು ಒಪ್ಪುವ ಅಂದಾಜು ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 20ರಿಂದ 35. ಕಣ್ಣಿಗೆ ಕಾಣುವ ಊನವಿಲ್ಲದ ಮಕ್ಕಳಲ್ಲೂ ಮುಂದೆ ಕಲಿಕೆಯ ತೊಂದರೆ ಕಂಡಿದೆ. ಮುಖ, ಕಿವಿ, ಹೃದಯದ ದೊಡ್ಡ ನಾಳಗಳು ರೂಪುಗೊಳ್ಳುವುದು ಗರ್ಭ ನಿಂತ ಮೂರರಿಂದ ಐದನೆಯ ವಾರದಲ್ಲಿ. ಅಂದರೆ ಮುಟ್ಟು ಒಂದು ವಾರ ತಡವಾಯಿತಲ್ಲ ಎಂದು ಅವಳು ಯೋಚಿಸುವಷ್ಟರಲ್ಲಿ ಆಗಬಾರದ್ದು ಶುರುವಾಗಿರುತ್ತದೆ. ಬಸಿರು ಗೊತ್ತಾದ ಮೇಲೆ ನಿಲ್ಲಿಸಿದರಾಯಿತು ಎಂಬ ಲೆಕ್ಕಾಚಾರ ನಡೆಯದಿರುವುದು ಇದಕ್ಕೇ.

ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 2006ರಿಂದ ಐಪ್ಲೆಡ್ಜ್ ಎಂಬ ನೋಂದಣಿ ವ್ಯವಸ್ಥೆ ಇದೆ. ಡಾಕ್ಟರು, ಅಂಗಡಿ, ರೋಗಿ ಮೂವರೂ ಅದರಲ್ಲಿ ಹೆಸರು ಬರೆಸಬೇಕು. ಒಂದು ಸಲಕ್ಕೆ 30 ದಿನದ ಮಾತ್ರೆ ಮಾತ್ರ. ಬಸಿರಾಗಬಲ್ಲವರಿಗೆ ಗರ್ಭಪರೀಕ್ಷೆಯಿಲ್ಲದೆ ಮಾತ್ರೆ ಶುರುವಾಗುವುದಿಲ್ಲ. ನಮ್ಮಲ್ಲಿ ಅಂಥ ನೋಂದಣಿ ಇಲ್ಲ. ನಮ್ಮಲ್ಲಿರುವುದು ಡಾಕ್ಟರ ಬಾಯಿ, ಫಾರ್ಮಸಿಸ್ಟಿನ ಬಾಯಿ. ಆ ಎರಡು ಬಾಯಿ ನಾಚಿಕೆಯಿಂದ ಮುಚ್ಚಿದರೆ ಹುಡುಗಿಗೆ ಬೇರೆ ಕಾವಲಿಲ್ಲ.

ಆ ತಾಯಿಯ ಪತ್ರದಿಂದ ಒಂದನ್ನು ನಾನು ಕಲಿತೆ. ನಾಲ್ಕು ಜನ ನಿಂತಿರುವ ಕೌಂಟರಿನಲ್ಲಿ ಕೇಳಬಾರದು. ಈಗ ಒಳಗೆ ಒಂದು ಸ್ಟೂಲು ಹಾಕಿಸಿದ್ದೇನೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಬಸಿರಾದ ಅನುಮಾನ ಬಂದವರಿಗೂ ಒಂದು ಮಾತು: ಮುಂದಿನ ಕ್ಯಾಪ್ಸೂಲ್ ನುಂಗಬೇಡಿ, ಅದೇ ದಿನ ಡಾಕ್ಟರನ್ನು ಕಾಣಿ, ಅಂಗಡಿಯಿಂದ ಬೇರೆ ಮಾತ್ರೆ ತಂದು ನೀವೇ ಏನೂ ಮಾಡಿಕೊಳ್ಳಬೇಡಿ. ಮುಂದೇನೆಂಬ ತೀರ್ಮಾನ ನಿಮ್ಮದು. ಮದುವೆ ಆಗಿದೆಯೋ ಇಲ್ಲವೋ ಎಂಬುದು ಆ ದಾರಿಗೆ ಅಡ್ಡ ಬರದಂತೆ 2021ರಲ್ಲಿ ಗರ್ಭಪಾತದ ಕಾನೂನೂ ತಿದ್ದುಪಡಿಯಾಗಿದೆ.

"ನಾನು ತೆಗೆದುಕೊಳ್ಳುವುದು ಬರೀ 10 ಮಿಲಿಗ್ರಾಂ, ಅದೂ ದಿನ ಬಿಟ್ಟು ದಿನ. ನನಗೆ ಈ ನಿಯಮವೆಲ್ಲ ಯಾಕೆ?" ಎಂಬುದು ಕಾಲೇಜು ಉಪನ್ಯಾಸಕಿಯೊಬ್ಬರ ಪ್ರಶ್ನೆ. ಡೋಸು ಕಡಿಮೆಯಾದರೆ ತುಟಿ ಒಡೆಯುವುದು ಕಡಿಮೆ, ಮೈಕೈ ನೋವು ಕಡಿಮೆ. ಬಸಿರಿನ ಮಟ್ಟಿಗೆ ಮಾತ್ರ ಇಷ್ಟಾದರೆ ಸುರಕ್ಷಿತ ಎಂಬ ಗೆರೆಯೇ ಇಲ್ಲ, ಸ್ವಲ್ಪ ಕಾಲ ತೆಗೆದುಕೊಂಡರೂ ಅಪಾಯ ಇದೆ. ನಿಯಮ ಒಂದೇ. ಹಾಗೆಂದು ಜೀವನಪೂರ್ತಿ ಭಯಪಡಬೇಕಿಲ್ಲ. ಈ ಔಷಧ ಮೈಯಿಂದ ಬೇಗ ಹೋಗುತ್ತದೆ, ಒಂದು ತಿಂಗಳು ದಾಟಿದರೆ ಮುಂದಿನ ಬಸಿರಿಗೆ ಇದರಿಂದ ತೊಂದರೆಯಿಲ್ಲ. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಎಂಬ ಇದರ ದಾಯಾದಿ ಔಷಧಕ್ಕೆ ಮೂರು ವರ್ಷ ಕಾಯಬೇಕು. ಎರಡರ ಹೆಸರೂ ಹತ್ತಿರಹತ್ತಿರ ಇರುವುದರಿಂದ ಚೀಟಿ ಓದುವಾಗ ನಾನಂತೂ ಎರಡು ಸಲ ನೋಡುತ್ತೇನೆ.

ರಕ್ತಪರೀಕ್ಷೆಯ ವಿಷಯದಲ್ಲಿ ಆಕ್ಷೇಪ ಎತ್ತಿದವರು ಅರ್ಧ ಸರಿ. "ಅದು ಲ್ಯಾಬಿನವರ ದಂಧೆ, ತಿಂಗಳು ತಿಂಗಳು ಎರಡು ಸಾವಿರ ಸುಲಿಯುತ್ತಾರೆ" ಎಂದು ಬರೆದಿದ್ದಾರೆ. ಆರೋಗ್ಯವಂತ ಹುಡುಗನಿಗೆ ಪ್ರತಿ ತಿಂಗಳು ಇಡೀ ಮೈಯ ಪ್ಯಾಕೇಜು ಬೇಕಿಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಹೊರತಂದ ಮೊಡವೆ ಮಾರ್ಗಸೂಚಿಯೂ ರಕ್ತಕಣಗಳ ಎಣಿಕೆಯನ್ನು ಮತ್ತೆಮತ್ತೆ ಮಾಡಿಸುವ ಅಗತ್ಯವಿಲ್ಲ ಎನ್ನುತ್ತದೆ. ಅದನ್ನು ಬರೆದುಕೊಟ್ಟರೆ ಯಾಕೆಂದು ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಲಿವರಿನ ಪರೀಕ್ಷೆ ಮತ್ತು ಬರಿಹೊಟ್ಟೆಯಲ್ಲಿ ರಕ್ತದ ಕೊಬ್ಬಿನ ಪರೀಕ್ಷೆ ಬೇಕೇ ಬೇಕು, ಶುರುವಿಗೆ ಮುಂಚೆ ಒಮ್ಮೆ, ಒಂದೆರಡು ತಿಂಗಳಾದ ಮೇಲೆ ಮತ್ತೊಮ್ಮೆ. ಈ ಮಾತ್ರೆ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತದೆ. ಅದು 800 ದಾಟಿದರೆ ಮೇದೋಜ್ಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರಬಹುದು. ಇದು ಅಪರೂಪ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇರುವವರು, ಮೈತೂಕ ಹೆಚ್ಚಿರುವವರು, ಕುಡಿಯುವ ಅಭ್ಯಾಸದವರು ತಮ್ಮ ರಕ್ತದಲ್ಲಿ ಮೊದಲೇ ಎಷ್ಟಿದೆ ಎಂದು ತಿಳಿಯದೆ ಶುರುಮಾಡುವುದು ಕಣ್ಣು ಕಟ್ಟಿಕೊಂಡು ಹೊಳೆ ದಾಟಿದಂತೆ.

ಚಿತ್ರದುರ್ಗ ಜಿಲ್ಲೆಯ ಹಳ್ಳಿಯಿಂದ ಶಿಕ್ಷಕರೊಬ್ಬರು ಬರೆದ ಪತ್ರ ಮಾತ್ರ ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. "ಚರ್ಮದ ಡಾಕ್ಟರು ಎಲ್ಲಿದ್ದಾರೆ ತಾಯಿ? ಹೋಗಿಬರುವುದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ, ಫೀಸು ಬೇರೆ. ನಿಮ್ಮ ನಿಯಮ ಪೇಟೆಯವರಿಗೆ ಸರಿ. ನಮ್ಮ ಮಕ್ಕಳು ಮುಖ ತುಂಬ ಕಲೆ ಹೊತ್ತುಕೊಂಡೇ ಬೆಳೆಯಬೇಕೆ?" ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಇರುವಷ್ಟನ್ನು ಹೇಳುತ್ತೇನೆ. ಹತ್ತು ಜನ ಮೊಡವೆಯವರಲ್ಲಿ ಹೆಚ್ಚಿನವರಿಗೆ ಈ ಕ್ಯಾಪ್ಸೂಲು ಬೇಕೇ ಆಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬರೆದುಕೊಡುವ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಮುಲಾಮುಗಳನ್ನು ಎರಡು ಮೂರು ತಿಂಗಳು ಬಿಡದೆ ಹಚ್ಚಿದರೆ ಇಳಿಯುವ ಮೊಡವೆಯೇ ಜಾಸ್ತಿ. ಗಂಟು, ಕೀವು, ಗುಳಿ ಬೀಳುವಂಥದ್ದಕ್ಕೆ ಜಿಲ್ಲಾಸ್ಪತ್ರೆಯ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ಒಮ್ಮೆ ಹೋಗಿಬರುವ ಕೂಲಿ ವ್ಯರ್ಥವಲ್ಲ. ಇನ್ನೊಂದು ಕಡೆಯಿಂದಲೂ ನೋಡಿ ಮೇಷ್ಟ್ರೇ: ಡಾಕ್ಟರು ದೂರ ಇರುವ ಊರಿನಲ್ಲಿ ಮಾತ್ರೆಯಿಂದ ಎಡವಟ್ಟಾದರೂ ಡಾಕ್ಟರು ದೂರವೇ ಇರುತ್ತಾರೆ. ಎಚ್ಚರ ಹಳ್ಳಿಗೆ ಒಂದು ತೂಕ ಹೆಚ್ಚೇ ಬೇಕು.

ಇದೇ ಸಿಟ್ಟಿನಲ್ಲಿ ಜನ ಕೈಹಾಕುವ ಇನ್ನೊಂದು ವಸ್ತು ಸ್ಟಿರಾಯ್ಡ್ ಬೆರೆಸಿದ ಬಿಳುಪಿನ ಕ್ರೀಮು. ಹಚ್ಚಿದ ವಾರಕ್ಕೆ ಮುಖ ತಿಳಿಯಾಗುತ್ತದೆ, ತಿಂಗಳು ಕಳೆದರೆ ಚರ್ಮ ಬಿಸಿಲಿಗೆ ಬಂದರೆ ಉರಿಯುವಷ್ಟು ತೆಳ್ಳಗಾಗಿ ಮೊದಲಿಗಿಂತ ಹೆಚ್ಚು ಮೊಡವೆ ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಇದೇ ಹಾವಳಿಯಿಂದ. ಮುಖದ ಮೇಲೆ ಅದನ್ನು ಹಚ್ಚಬೇಡಿ.

ಇಷ್ಟು ಹೊತ್ತು ಒಂದು ಕಡೆಯವರಿಗೆ ಉತ್ತರ ಕೊಟ್ಟೆ. ಇನ್ನು ಎದುರು ಕಡೆಯವರು. "ಇದು ವಿಷ. ಹುಡುಗರು ಖಿನ್ನರಾಗಿ ಪ್ರಾಣ ಕಳೆದುಕೊಳ್ಳುತ್ತಾರೆ. ನಿಷೇಧಿಸಬೇಕು. ಬೇವು, ಅರಿಸಿನ ಹಚ್ಚಿದರೆ ಸಾಕು" ಎಂಬುದು ನಾಲ್ಕು ಪತ್ರಗಳ ಸಾರ.

ಇವರಿಗೆ ನನ್ನ ತಂಗಿಯ ಮಗನನ್ನು ತೋರಿಸಬೇಕಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಅವನ ಬೆನ್ನು, ಭುಜ, ಕೆನ್ನೆ ಎಲ್ಲೆಲ್ಲೂ ಗೋಲಿಯಷ್ಟು ಗಂಟು. ಕಾಲೇಜಿನ ಬಿಳಿ ಷರ್ಟಿನ ಬೆನ್ನಿನ ಮೇಲೆ ರಕ್ತ ಕೀವಿನ ಕಲೆ ಬೀಳುತ್ತದೆಂದು ಬೇಸಿಗೆಯಲ್ಲೂ ಒಳಗೆ ಎರಡು ಬನಿಯನ್ ತೊಡುತ್ತಿದ್ದ. ಬೆಳಿಗ್ಗೆ ದಿಂಬಿನ ಕವರು ಕೆನ್ನೆಗೆ ಅಂಟಿಕೊಂಡಿರುತ್ತಿತ್ತು, ನನ್ನ ತಂಗಿ ಬಿಸಿನೀರಿನಲ್ಲಿ ನೆನೆಸಿ ಬಿಡಿಸುತ್ತಿದ್ದಳು. ಬೇವು ಹಚ್ಚಿದರು, ಅರಿಸಿನ ಹಚ್ಚಿದರು, ಹರಕೆ ಹೊತ್ತರು. ಆರು ತಿಂಗಳು ಆಂಟಿಬಯೋಟಿಕ್ ನುಂಗಿದ. ಕೊನೆಗೆ ಚರ್ಮವೈದ್ಯರು ಪರೀಕ್ಷೆ ಮಾಡಿಸಿ ಈ ಕ್ಯಾಪ್ಸೂಲು ಬರೆದರು. ಮೊದಲೇ ಹೆಚ್ಚು ಡೋಸ್ ಕೊಟ್ಟರೆ ಇಂಥವರಿಗೆ ಮೊಡವೆ ಕೆರಳುತ್ತದೆಂದು ಕಡಿಮೆಯಿಂದಲೇ ಶುರುಮಾಡಿದರು. ತುಟಿ ಒಡೆದು ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳಲಾಗುತ್ತಿರಲಿಲ್ಲ. ಏಳು ತಿಂಗಳು ನಡೆಯಿತು. ಅವನು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಗುಳಿ ಕೆಲವು ಉಳಿದಿವೆ, ಹೊಸ ಗಂಟು ಎದ್ದಿಲ್ಲ. 1979ರಲ್ಲಿ ಅಮೆರಿಕದ ಗ್ಯಾರಿ ಪೆಕ್ ಎಂಬ ವೈದ್ಯರ ತಂಡ ಇಂಥದೇ ಗಂಟು ಮೊಡವೆಯ ರೋಗಿಗಳಿಗೆ ಈ ಔಷಧ ಕೊಟ್ಟು, ನಿಲ್ಲಿಸಿದ ಮೇಲೂ ಗುಣ ಉಳಿಯುತ್ತದೆಂದು ತೋರಿಸಿತು. ಅದಕ್ಕಿಂತ ಮುಂಚೆ ಇಂಥವರಿಗೆ ನಿಲ್ಲುವಂಥ ಚಿಕಿತ್ಸೆಯೇ ಇರಲಿಲ್ಲ. ನಿಷೇಧಿಸಿ ಎನ್ನುವವರು ನನ್ನ ತಂಗಿ ಆ ದಿಂಬಿನ ಕವರು ಬಿಡಿಸುವುದನ್ನು ಒಮ್ಮೆ ನೋಡಬೇಕಿತ್ತು.

ಖಿನ್ನತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ಔಷಧ ಆಡಳಿತ 1998ರಲ್ಲೇ ಈ ಬಗ್ಗೆ ಎಚ್ಚರಿಕೆ ಸೇರಿಸಿತು. ಬ್ರಿಟನ್ನಿನಲ್ಲಿ 2023ರಲ್ಲಿ, 18 ವರ್ಷದೊಳಗಿನವರಿಗೆ ಶುರುಮಾಡಲು ಇಬ್ಬರು ತಜ್ಞರು ಒಪ್ಪಬೇಕೆಂಬ ನಿಯಮ ತಂದರು. ಇನ್ನೊಂದು ಕಡೆ, ನಾನು ಮೇಲೆ ಹೇಳಿದ 2024ರ ಮಾರ್ಗಸೂಚಿ ದೊಡ್ಡ ಸಂಖ್ಯೆಯ ಜನರ ಅಧ್ಯಯನಗಳಲ್ಲಿ ಮನೋವ್ಯಾಧಿ ಹೆಚ್ಚಿದ್ದು ಕಂಡುಬಂದಿಲ್ಲ ಎನ್ನುತ್ತದೆ. ವಿಕಾರವಾದ ಮೊಡವೆಯೇ ಮನಸ್ಸನ್ನು ಕುಗ್ಗಿಸುತ್ತದೆ, ಎಷ್ಟೋ ಮಕ್ಕಳು ಗುಣವಾದಂತೆ ಗೆಲುವಾಗುತ್ತಾರೆ. ಆದರೆ ಲಕ್ಷ ಜನರ ಸರಾಸರಿ ನಿಮ್ಮ ಮನೆಯ ಹುಡುಗನ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೇ ಶುರುವಿಗೆ ಮುಂಚೆ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ: ಹಿಂದೆ ಖಿನ್ನತೆ ಇತ್ತೇ, ಸಾಯುವ ಮಾತಾಡಿದ್ದನೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ. ಅದನ್ನು ಮುಚ್ಚಿಟ್ಟರೆ ಮರ್ಯಾದೆ ಉಳಿಯುತ್ತದೆಂದು ತಿಳಿಯಬೇಡಿ. ಮಾತ್ರೆ ನಡೆಯುವಾಗ ಹುಡುಗ ಊಟ ಬಿಟ್ಟ, ನಿದ್ದೆ ಬಿಟ್ಟ, ಗೆಳೆಯರನ್ನು ಬಿಟ್ಟ ಎಂದು ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಅಂದೇ ತಿಳಿಸಿ. ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೇ ಮಾತಾಡುತ್ತದೆ, ದುಡ್ಡಿಲ್ಲ.

ಗಂಡುಹುಡುಗರಿಗೆ ಇದರಲ್ಲಿ ಏನೂ ತೊಂದರೆಯಿಲ್ಲ ಎಂದು ಒಬ್ಬ ಯುವಕ ಬರೆದಿದ್ದಾನೆ. ಹೆಂಡತಿಯ ಬಸಿರಿಗೆ ಗಂಡಸಿನ ಮಾತ್ರೆಯಿಂದ ಅಪಾಯ ಕಂಡುಬಂದಿಲ್ಲ, ನಿಜ. ಆದರೆ ಅವನು ಉಳಿದ ಮಾತ್ರೆಯನ್ನು ತಂಗಿಗೋ ಗೆಳತಿಗೋ ಕೊಟ್ಟರೆ? ಹಾಸ್ಟೆಲುಗಳಲ್ಲಿ ಇದು ನಡೆಯುತ್ತಿದೆ. ಮಾರ್ಚ್ 17ರಂದು ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬಕ್ಕೆ ನಮ್ಮ ಹುಡುಗರು ಸಾಲುಗಟ್ಟಿ ರಕ್ತ ಕೊಡುತ್ತಾರೆ. ಈ ಮಾತ್ರೆ ನುಂಗುವವನು ನಿಲ್ಲಿಸಿ ಒಂದು ತಿಂಗಳಾಗುವವರೆಗೆ ರಕ್ತ ಕೊಡಬಾರದು. ಅದು ಯಾವ ಬಸುರಿಯ ಮೈಗೆ ಹೋಗುತ್ತದೋ ಯಾರಿಗೆ ಗೊತ್ತು? ಜಿಮ್ಮಿನಲ್ಲಿ ಮೈ ಬೆಳೆಸಲು ಸೂಜಿ ಚುಚ್ಚಿಸಿಕೊಂಡವರ ಬೆನ್ನಿನ ಮೊಡವೆಗೆ ಈ ಮಾತ್ರೆ ಪರಿಹಾರವಲ್ಲ. ಸೂಜಿ ನಿಲ್ಲಬೇಕು, ಡಾಕ್ಟರಿಗೆ ನಿಜ ಹೇಳಬೇಕು. ಹಳೆಯ ಡಾಕ್ಸಿಸೈಕ್ಲಿನ್ ಮಾತ್ರೆ ಮನೆಯಲ್ಲಿ ಮಿಕ್ಕಿದೆಯೆಂದು ಇದರ ಜೊತೆ ನುಂಗಿದರೆ ತಲೆಬುರುಡೆಯೊಳಗಿನ ಒತ್ತಡ ಏರಿ ಸಹಿಸಲಾಗದ ತಲೆನೋವು ಬರುತ್ತದೆ, ಕಣ್ಣು ಮಂಜಾಗುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಂಜೆಗಣ್ಣು ಮಂಕಾಗುವವರಿದ್ದಾರೆ, ರಾತ್ರಿ ಲಾರಿ, ಬೈಕ್ ಓಡಿಸುವವರು ಗಮನಿಸಿ. ಪಾರ್ಲರಿನ ವ್ಯಾಕ್ಸಿಂಗ್ ಕೋರ್ಸು ಮುಗಿದು ಆರು ತಿಂಗಳವರೆಗೆ ಬೇಡ, ಚರ್ಮವೇ ಕಿತ್ತು ಬರುತ್ತದೆ. ಕ್ಯಾಪ್ಸೂಲನ್ನು ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆಗೇ ತೆಗೆದುಕೊಳ್ಳಿ, ಬರಿಹೊಟ್ಟೆಯಲ್ಲಿ ಅರ್ಧಕ್ಕರ್ಧ ಮೈಗೆ ಹತ್ತುವುದೇ ಇಲ್ಲ.

ಉಳಿದದ್ದು ಒಂದು. "ನೀವು ಕೊಡದಿದ್ದರೆ ಪಕ್ಕದ ಅಂಗಡಿಯವರು ಕೊಡುತ್ತಾರೆ. ನಿಮ್ಮ ವ್ಯಾಪಾರ ಹೋಯಿತು, ಅಷ್ಟೇ." ನನ್ನ ವೃತ್ತಿಯವರೇ ಒಬ್ಬರು ಬರೆದಿರುವುದರಿಂದ ಇದು ನನಗೆ ಹೆಚ್ಚು ನೋವು ಕೊಟ್ಟಿದೆ. ವ್ಯಾಪಾರ ಹೋಗಿದೆ, ಸುಳ್ಳಲ್ಲ. ಆದರೆ ಅಣ್ಣಾ, ಆ ಅರ್ಧ ಸ್ಟ್ರಿಪ್ ಕತ್ತರಿಸಿ ಕೊಟ್ಟದ್ದು ಯಾರೋ ಒಬ್ಬ ಪಕ್ಕದ ಅಂಗಡಿಯವರೇ. ಚೀಟಿ ಕೇಳುವುದು ನಿಮ್ಮಿಂದ ಆಗದಿದ್ದರೂ, ಕೊನೇ ಪಕ್ಷ ಎಚ್ಚರಿಕೆಯ ಸಾಲು ಉಳಿಯುವಂತೆ ಪೂರ್ತಿ ಸ್ಟ್ರಿಪ್ ಕೊಡಿ, ನಿಲ್ಲಿಸಿ ಒಂದು ತಿಂಗಳು ಎಂಬ ಮಾತನ್ನು ಬಾಯಿಬಿಟ್ಟು ಹೇಳಿ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಮೊಡವೆಗೆಂದು ನುಂಗುತ್ತಿರುವ ಕ್ಯಾಪ್ಸೂಲ್ ಇದ್ದರೆ ಇವತ್ತೇ ತೆಗೆದು ಅದರ ಹೆಸರು ಓದಿ. ಹೆಸರು ಕತ್ತರಿಸಿಹೋಗಿದ್ದರೆ ನಿಮ್ಮ ಡಾಕ್ಟರಿಗೆ ತೋರಿಸಿ, ಇಲ್ಲವೇ ಹತ್ತಿರದ ಫಾರ್ಮಸಿಸ್ಟಿಗೆ ತೋರಿಸಿ. ತಿಪಟೂರಿನ ಸುತ್ತಮುತ್ತಲಿನವರು ನನ್ನ ಬಳಿಗೇ ತನ್ನಿ. ಒಳಗೆ ಸ್ಟೂಲು ಇದೆ, ಕೂತು ಮಾತಾಡಬಹುದು.